ಬಾಯಲ್ಲಿ ಉಳಿದ ಮಾತು

ನವೆಂಬರ್ ೧೪, ಶುಕ್ರವಾರ

ಪ್ರೀತಿಯ ನಾದಿನಿಗೆ, ನಾದಿನಿಯಾಗುವ ಮೊದಲೇ ಗೆಳತಿಯಾಗಿದ್ದವಳಿಗೆ,

ಕರ್ತನ ಹೆಸರಿನಲ್ಲಿ ವಂದನೆಗಳು. ನಿನ್ನ ಎರಡು ಕಾಗದಗಳೂ ಬಂದು ಸೇರಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನಾದರೂ ಮಾಡಬಾರದಿತ್ತಾ ಅಂತೀಯೇನೋ. ಹೋದ ಸಲ ಮಾಡಿದಾಗ ನಾನು "ಜ್ವರ ಹೋಯ್ತು" ಅಂದರೆ ನೀನು "ಯಾರು ಹೋದ್ರು?" ಅಂತ ಅಳುವುದಕ್ಕೇ ಶುರುಮಾಡಿದೆ. ನಿನ್ನ ಕಿವಿ ಈ ಸ್ಥಿತಿಗೆ ಬಂದ ಮೇಲೆ ನಮ್ಮಿಬ್ಬರಿಗೂ ಕಾಗದವೇ ವಾಸಿ ಕಣೇ.

ನಿನ್ನಣ್ಣ ಚೆನ್ನಾಗಿದ್ದಾರೆ. ಅದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಕಣ್ಣು ಹಾಯಿಸಿಕೊಂಡು ಓಡುತ್ತೀಯ. ಕೋಲು ಹಿಡಿದು ಮಂಚದಿಂದ ಅಡುಗೆಮನೆಯ ಕಿಟಕಿಯವರೆಗೆ ಒಬ್ಬರೇ ಬರುತ್ತಾರೆ. ಬಲಗೈ ಇನ್ನೂ ತೊಡೆಯ ಮೇಲೆ ಯಾರದೋ ಕೈ ತಂದಿಟ್ಟ ಹಾಗೆ ಬಿದ್ದಿರುತ್ತದೆ. ಎಡಗೈಯಲ್ಲಿ ಚಮಚ ಹಿಡಿದು ಊಟ. ಮಧ್ಯಾಹ್ನ ಏನು ಅಡುಗೆ ಮಾಡಿದ್ದೆ ಅಂತ ಅವರ ಅಂಗಿ ನೋಡಿ ಹೇಳಬಹುದು.

ಮಾತಿನ ವಿಷಯ ಕೇಳಿದ್ದೆಯಲ್ಲ. ಲಕ್ವ ಹೊಡೆದಾಗ ನೀನು ಬಂದು ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತಿದ್ದೆ, ಆಗ ಅವರ ಗಂಟಲಿನಿಂದ ಬರೀ ಗೊರಗೊರ ಸದ್ದು. ನೀನು ಊರಿಗೆ ಹೊರಟ ಮೇಲೆ, ಮನೆಗೆ ಕರೆದುಕೊಂಡು ಬಂದ ವಾರದಲ್ಲೇ ಒಂದು ಮಾತು ಬಂತು. "ಇವತ್ತು." ನಾನು ಕುಣಿದಾಡಿದೆ. ಇವತ್ತು ಏನು, ಇವತ್ತು ಏನಾಗಬೇಕು ಅಂತ ಹತ್ತಿರ ಕೂತು ಕೇಳಿದೆ. "ಇವತ್ತು" ಅಂದರು. ನೀರು ಬೇಕಾ ಅಂದರೂ ಅದೇ, ಬೆನ್ನು ನೋವಾ ಅಂದರೂ ಅದೇ. ಸಿಟ್ಟು ಬಂದರೆ ಅದೇ ಮಾತು ಜೋರಾಗಿ, ಪ್ರೀತಿ ಬಂದರೆ ಅದೇ ಮಾತು ಮೆತ್ತಗೆ. ಅದು ಬಿಟ್ಟು ಇನ್ನೊಂದು ಬರಲಿಲ್ಲ.

ನೀನೇ ಯೋಚನೆ ಮಾಡು, ಯಾರ ಬಾಯಿಗೆ ಈ ಗತಿ ಬಂತು ಅಂತ. ಬಂದರಿನಲ್ಲಿ ದೋಣಿ ಕಟ್ಟುವ ಮೀನಿನ ಧಕ್ಕೆಯಲ್ಲಿ ಹರಾಜು ಕೂಗುತ್ತಿದ್ದ ಬಾಯಿ ಅದು. ದೋಣಿ ಬಂದು ನಿಂತರೆ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಹತ್ತಿ, ಉಸಿರು ತೆಗೆಯದೆ ದರ ಕೂಗುತ್ತಿದ್ದರೆ ಆಚೆ ದಡದ ನಾಯಿಗಳೂ ಎದ್ದು ಕೂರುತ್ತಿದ್ದವು. ಭಾನುವಾರ ದೇವಾಲಯದಲ್ಲಿ ಬೈಬಲಿನ ವಾಕ್ಯ ಓದುವುದಕ್ಕೆ ನಿಂತರೆ ಅದೇ ಧಾಟಿ. ನೆನಪಿದೆಯಾ, ಆಗಿನ ಪಾದ್ರಿಗಳು "ಸ್ವಲ್ಪ ನಿಧಾನವಪ್ಪಾ, ಇದನ್ನ ಯಾರಿಗೂ ಮಾರಬೇಕಾಗಿಲ್ಲ" ಅಂದಿದ್ದು? ಮೇಲೆ ಗಾಯನ ತಂಡದವರ ಜಗಲಿಯಲ್ಲಿ ಒಂದೇ ಪುಸ್ತಕ ಹಿಡಿದು ನಿಂತಿದ್ದ ನಾವಿಬ್ಬರು ನಗು ತಡೆಯಲಾರದೆ ಕೆಳಗೆ ಕುಕ್ಕರಿಸಿದ್ದೆವು. ನೀನು ಮೇಲಿನ ಸ್ವರ, ನಾನು ಕೆಳಗಿನ ಸ್ವರ. ಎರಡೂ ಅವತ್ತು ಹಾಡಲಿಲ್ಲ.

ಮದುವೆಗೆ ಮೊದಲು ನಾನು ಆ ಮನುಷ್ಯನನ್ನು ಮನಸ್ಸಿಟ್ಟು ನೋಡಿದ್ದು ಧಕ್ಕೆಯಲ್ಲೇ. ದೇವಾಲಯದ ಊಟಕ್ಕೆ ಮೀನು ತರಬೇಕು ಅಂತ ನೀನು ನನ್ನನ್ನು ಎಳೆದುಕೊಂಡು ಹೋಗಿದ್ದೆ. ಪೆಟ್ಟಿಗೆಯ ಮೇಲೆ ನಿಂತವರು ನನ್ನನ್ನು ನೋಡಿದರು, ಕೂಗುತ್ತಿದ್ದ ದರ ಮರೆತರು. ಕೊಳ್ಳುವವರೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ನಾನು ಹಣೆಯ ಕೂದಲು ಸರಿಸಿಕೊಳ್ಳಲು ಕೈ ಎತ್ತಿದ್ದೇ ತಡ, "ಹೋಯ್ತು, ಆ ಅಮ್ಮನಿಗೆ ಹೋಯ್ತು" ಅಂದುಬಿಟ್ಟರು. ಇಡೀ ಬುಟ್ಟಿ ನಮ್ಮ ತಲೆಗೆ. ದಾರಿಯುದ್ದಕ್ಕೂ ನೀನು "ನಮ್ಮಣ್ಣನ ಬಾಯಿ ಕಟ್ಟಿಸಿದವಳು ನೀನೊಬ್ಬಳೇ" ಅಂತ ನಗುತ್ತಾ ಬಂದೆ. ಮಾತು ಮೊನ್ನೆಮೊನ್ನೆಯದು ಅನ್ನಿಸುತ್ತದೆ. ಕನ್ನಡಿ ನೋಡಿದರೆ ಅಲ್ಲ.

ಮಕ್ಕಳಿಲ್ಲದ ನಮ್ಮ ಮನೆಗೆ ಅವರ ಮಾತೇ ಗದ್ದಲ. ಬೂಟು ಬಿಚ್ಚುವಾಗಲೇ ಶುರು: ಯಾವ ದೋಣಿಗೆ ಏನು ಸಿಕ್ಕಿತು, ಯಾರು ಯಾರ ಜೊತೆ ಜಗಳ ಆಡಿದರು. ನಾನು ಬಂದರಿನ ಆಫೀಸಿನಲ್ಲಿ ದಿನವಿಡೀ ಟೈಪು ಕುಟ್ಟಿ ತಲೆ ಚಿಟ್ಟು ಹಿಡಿಸಿಕೊಂಡು ಬರುತ್ತಿದ್ದೆ. "ಸ್ವಲ್ಪ ಹೊತ್ತು ಸುಮ್ಮನಿರಿ ಮಾರಾಯರೇ" ಅಂತಿದ್ದೆ. ಈಗ ಆ ಸುಮ್ಮನಿರುವುದು ಮನೆ ತುಂಬಾ ಇದೆ.

ಇನ್ನೊಂದು ಮಾತು. ನಾನು ಮುಂದಿನದನ್ನು ಯೋಚಿಸುವವಳು, ಅವರು ಯೋಚಿಸದವರು. ಬೆಳಿಗ್ಗೆ ಧಕ್ಕೆಗೆ ಹೊರಡುವ ಮೊದಲು ಬಾಗಿಲಲ್ಲಿ ನಿಂತೇ ಪ್ರಾರ್ಥನೆ ಮಾಡುತ್ತಿದ್ದರು, ನೀನೂ ಕೇಳಿದ್ದೀಯ. ಆ ಒಂದು ದಿನಕ್ಕೆ ಬೇಕಾದದ್ದನ್ನು ಕೇಳುವುದು, ಟೋಪಿ ಹಾಕಿಕೊಂಡು ಹೋಗುವುದು. "ಮುಂದಿನ ವರ್ಷದ ವಿಷಯಾನೂ ಒಂಚೂರು ಹೇಳಿ ದೇವರಿಗೆ" ಅಂತ ನಾನು ಕೀಟಲೆ ಮಾಡಿದರೆ, "ಮುಂದಿನ ವರ್ಷ ಅವನ ಹತ್ರಾನೇ ಇದೆ ಬಿಡು, ಎಲ್ಲಿ ಹೋಗುತ್ತೆ" ಅನ್ನುತ್ತಿದ್ದರು. ಅವರು ಕೆಲಸ ಬಿಟ್ಟ ಮೇಲೆ ಏನೇನು ಮಾಡಬೇಕು ಅಂತ ನಾನು ಮನಸ್ಸಿನಲ್ಲೇ ಒಂದು ಮನೆ ಕಟ್ಟಿಟ್ಟಿದ್ದೆ. ನಿನ್ನ ಹತ್ತಿರ ಬಂದು ಇಡೀ ಬೇಸಿಗೆ ಇರುವುದು ಅದರ ನಡುಮನೆ. ಒಂದು ಬೆಳಿಗ್ಗೆ ಬೂಟಿನ ಲಾಡಿ ಕಟ್ಟುತ್ತಾ ಕಟ್ಟುತ್ತಾ ಅವರು ಪಕ್ಕಕ್ಕೆ ವಾಲಿದರು. ಅಷ್ಟೇ.

ಆ ಒಂದು ಮಾತಿನ ಬಗ್ಗೆ ಎಲ್ಲರೂ ಒಂದೊಂದು ಹೇಳಿದರು. ಧಕ್ಕೆಯವರು ನೋಡಲು ಬಂದು, "ಅಣ್ಣ ಇನ್ನೂ ಮೀನು ಮಾರ್ತಾನೇ ಇದಾರೆ. 'ಇವತ್ತಿಂದು, ಇವತ್ತಿಂದು' ಅಂತ ಕೂಗ್ತಿದ್ದರಲ್ಲ, ಅದೇ ಉಳಕೊಂಡಿದೆ" ಅಂತ ಕಣ್ಣು ಒರೆಸಿಕೊಂಡು ನಕ್ಕರು. ಈಗಿನ ಪಾದ್ರಿಗಳಿಗೆ ಅದರಲ್ಲಿ ದಿನದಿನದ ನಂಬಿಕೆ ಕಂಡಿತು. ಒಂದು ಭಾನುವಾರ ಅದರ ಮೇಲೇ ಪ್ರಸಂಗ ಮಾಡಿಬಿಟ್ಟರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿತು. ಮಾತು ಕಲಿಸಲು ಬರುವ ಹುಡುಗಿಯೊಬ್ಬಳೇ ನೇರವಾಗಿ ಹೇಳಿದ್ದು: "ಅರ್ಥ ಹುಡುಕಬೇಡಿ ಅಮ್ಮ. ಮನೆ ಸುಟ್ಟು ಹೋದರೂ ಒಂದು ಚಮಚ ಉಳಿಯುತ್ತಲ್ಲ, ಹಾಗೆ ಉಳಿದದ್ದು ಇದು."

ಚಮಚದ ಮಾತೇ ನನಗೆ ಹಿಡಿಸಿತು, ಯಾಕೆಂದರೆ ಆಗ ನನಗೂ ದೇವರಿಗೂ ಮಾತಿರಲಿಲ್ಲ. ನಿನ್ನ ಹತ್ತಿರ ಮುಚ್ಚಿಡುವುದೇನು. ದೇವಾಲಯಕ್ಕೆ ಹೋಗಿ ಕೂರುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಒಂದೇ ಮಾತು ಉಳಿಸುವುದಾದರೆ ಇನ್ನೂ ಒಳ್ಳೆಯದು ನಿನಗೆ ಸಿಗಲಿಲ್ಲವಾ ಅಂತ ಒಳಗೊಳಗೇ ಕೇಳುತ್ತಿದ್ದೆ. ನಾಳೆ ಎದ್ದರೆ ಮತ್ತೆ ಅವರ ಸ್ನಾನ, ಮತ್ತೆ ಅಂಗಿಯ ಗುಂಡಿ, ಆಚೆ ನಾಡಿದ್ದು, ಅದರಾಚೆ ಇನ್ನೊಂದು ವರ್ಷ. ಹಾಸಿಗೆಯಿಂದ ಏಳುವ ಮೊದಲೇ ಅಷ್ಟನ್ನೂ ಹೊತ್ತು ಸುಸ್ತಾಗುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅವರು ಬಿಸಿ ಸಾರಿನ ಬಟ್ಟಲು ಕೈಜಾರಿ ಬೀಳಿಸಿದರು. ಆಗಷ್ಟೇ ಒರೆಸಿದ ನೆಲ. ನಾನು ಕೂಗಾಡಿದೆ. ಏನೇನು ಅಂದೆನೋ, ಬರೆಯಲಾರೆ. ಅವರು ಗೋಡೆ ಹಿಡಿದು ಇಳಿದು ನೆಲದ ಮೇಲೆ ಕೂತರು, ಹೆಗಲ ಟವೆಲ್ ತೆಗೆದು ಎಡಗೈಯಲ್ಲಿ ಒರೆಸಲು ಶುರುಮಾಡಿದರು. ಒರೆಸಿದಷ್ಟೂ ಹರಡುತ್ತಿತ್ತು. "ಇವತ್ತು" ಅಂದರು, ತಪ್ಪಾಯಿತು ಅನ್ನುವ ದನಿಯಲ್ಲಿ. ನಾನೂ ಅಲ್ಲೇ ಕೂತೆ. ಮೈಯಲ್ಲಿ ಬಲವೇ ಇರಲಿಲ್ಲ ಕಣೇ, ಟವೆಲ್ ಹಿಂಡುವಷ್ಟೂ. ಆಗ ಬಾಯಿ ಬಿಟ್ಟು ಹೇಳಿದೆ, ಅವರಿಗೂ ಕೇಳಿಸುವ ಹಾಗೆ: "ಸ್ವಾಮಿ, ನಾಳೇದು ನಂಗೆ ಬೇಡ. ಈ ನೆಲ ಒರೆಸಿ ಮುಗಿಸೋವರೆಗೆ ಆಗುವಷ್ಟು ಕೊಡು. ಸಾಕು."

ಬೆಳಕು ಬಂತು, ದನಿ ಕೇಳಿಸಿತು ಅಂತೆಲ್ಲ ಬರೆಯುವುದಿಲ್ಲ. ನೆಲ ಒರೆಸಿ ಮುಗಿಯಿತು. ಅವರನ್ನು ಎಬ್ಬಿಸಿ ಕೂರಿಸಿದೆ, ಅದಕ್ಕೂ ಬಲ ಇತ್ತು. ಉಳಿದ ಸಾರನ್ನು ಇಬ್ಬರೂ ಕುಡಿದೆವು. ಸಂಜೆಯವರೆಗೂ ಬೇಕಾದಾಗೆಲ್ಲ ಬೇಕಾದಷ್ಟು ಇತ್ತು, ಹೆಚ್ಚಿಗೆ ಒಂದು ತೊಟ್ಟೂ ಇರಲಿಲ್ಲ. ಅವರು ಬಾಗಿಲಲ್ಲಿ ನಿಂತು ಇಷ್ಟು ವರ್ಷ ಕೇಳುತ್ತಿದ್ದದ್ದು ಏನು ಅಂತ ನನಗೆ ಆಗ ತಿಳಿಯಿತು. ನಾನು ಅದನ್ನು ಸೋಮಾರಿಯ ಪ್ರಾರ್ಥನೆ ಅಂದುಕೊಂಡಿದ್ದೆ.

ಅಲ್ಲಿಂದ ನಾನೂ ಹಾಗೇ ಕೇಳುವುದು. ಇವತ್ತು ಗುಂಡಿ ಹಾಕುವಾಗ ಅವಸರ ಮಾಡದ ಹಾಗೆ ನೋಡಿಕೋ. ಇವತ್ತು ಮೆಟ್ಟಿಲು ಇಳಿಸುವಾಗ ನನ್ನ ಮಂಡಿಯನ್ನು ಹಿಡಿದುಕೋ. ಇಂಥ ಸಣ್ಣ ಸಣ್ಣದನ್ನೆಲ್ಲ ಕೇಳಲು ಮೊದಲು ನಾಚಿಕೆಯಾಯಿತು, ಈಗ ಇಲ್ಲ. ಕೆಲವು ದಿನ ಕೇಳಿದ್ದು ಸಿಗದ ಹಾಗೆ ಅನ್ನಿಸಿ ಸಿಂಕಿನ ಮುಂದೆ ನಿಂತು ಅತ್ತದ್ದೂ ಉಂಟು. ಆದರೂ ದಿನ ಹೇಗೋ ದಾಟಿರುತ್ತದೆ, ನಾವು ದಾಟಿಸಿದ್ದಲ್ಲ.

ಈಗ ಒಳ್ಳೆಯ ಸುದ್ದಿ. ಇದನ್ನು ಹೇಳಬೇಕು ಅಂತಲೇ ಕಾಗದ ಹಿಡಿದದ್ದು, ಎಲ್ಲೆಲ್ಲೋ ಹೋದೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬಟಾಣಿ ಬಿಡಿಸುತ್ತಾ ಗುನುಗುತ್ತಿದ್ದೆ, ಬೆಳಗಾದದ್ದಕ್ಕೆ ಸ್ತೋತ್ರ ಹೇಳುವ ನಮ್ಮ ಆ ಹಳೆಯ ಹಾಡು. ಗುನುಗುವುದೂ ಬಹಳ ದಿನದ ಮೇಲೆ. ಅಭ್ಯಾಸಬಲ, ನನಗೆ ಬರುವುದು ಕೆಳಗಿನ ಸ್ವರವೇ. ಅದನ್ನೊಂದನ್ನೇ ಕೇಳಿದರೆ ಹಾಡು ಅಂತಲೂ ಗೊತ್ತಾಗುವುದಿಲ್ಲ. ಪಕ್ಕದ ಕೋಣೆಯಿಂದ ಮೇಲಿನ ಸ್ವರ ಬಂತು. ಪದಗಳ ಸಮೇತ.

ಕೈಯಲ್ಲಿದ್ದ ಬಟಾಣಿ ಹಾಗೇ ಇದ್ದವು. ಏಳಲಿಲ್ಲ, ಎದ್ದರೆ ನಿಂತುಹೋದೀತು ಅಂತ ಭಯ. ನಾನು ಎರಡನೇ ಚರಣ ಎತ್ತಿಕೊಂಡೆ, ಅವರೂ ಬಂದರು. ಕೊನೆಯ ಚರಣದಲ್ಲಿ ನನಗೆ ಪದ ಮರೆಯಿತು, ಅವರಿಗೆ ಮರೆಯಲಿಲ್ಲ. ಮುಗಿದ ಮೇಲೆ ಓಡಿಹೋಗಿ ಅವರ ಮುಖ ಹಿಡಿದುಕೊಂಡು, "ನೀರು ಬೇಕಾ? ಹೇಳಿ, ನೀರು ಅನ್ನಿ" ಅಂದೆ. "ಇವತ್ತು" ಅಂದರು.

ಹಾಡು ಮಿದುಳಿನ ಬೇರೆ ಕಡೆ ಇರುತ್ತದಂತೆ. ಮಾತು ಕಲಿಸುವ ಹುಡುಗಿ ಹೇಳಿದಳು, ಹೀಗೆ ಆಗುವುದು ಉಂಟು, ಆದರೆ ಮಾತು ಮರಳುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ ಅಂತ. ಇಟ್ಟುಕೊಂಡಿಲ್ಲ. ಆದರೆ ದಿನಾ ಬೆಳಿಗ್ಗೆ ನಾವಿಬ್ಬರೂ ಕಿಟಕಿಯ ಹತ್ತಿರ ಕೂತು ಒಂದು ಹಾಡು ಹಾಡುತ್ತೇವೆ. ಭಾನುವಾರ ದೇವಾಲಯದಲ್ಲಿ ಅವರ ದನಿ ಮತ್ತೆ ಸೂರಿಗೆ ಬಡಿಯುತ್ತದೆ, ಅದೇ ಹರಾಜಿನ ಧಾಟಿ, ಎಲ್ಲರಿಗಿಂತ ಅರ್ಧ ಸಾಲು ಮುಂದೆ. ಪಾದ್ರಿಗಳು ಇದರ ಮೇಲೂ ಪ್ರಸಂಗ ಮಾಡಲು ಹೊರಟಿದ್ದರು. "ಬೇಡ ಅಯ್ಯನವರೇ, ಇದು ನಮ್ಮದು" ಅಂದೆ. ಅವರು ಒಳ್ಳೆಯವರು, ಬಿಟ್ಟರು.

ನಾನು ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ಆ ಮನೆ ಹೋಯಿತು. ಈ ಮನೆಯಲ್ಲಿ ಕೂತು ನೋಡಿದರೆ ಏನೂ ಕಮ್ಮಿಯಾಗಿಲ್ಲ ಅನ್ನಿಸುತ್ತದೆ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ತುಂಬಿದ ಹಾಗಿದೆ ಕಣೇ. ನಾನು ಕೇಳಿದ್ದರಿಂದಲ್ಲ, ಅವನು ಕೊಟ್ಟದ್ದರಿಂದ.

ಬೇಸಿಗೆಯಲ್ಲಿ ನಾವು ಅಲ್ಲಿಗೆ ಬರಲಾರೆವು. ನಿನ್ನ ಸೊಂಟ ಒಪ್ಪಿದರೆ ನೀನೇ ಬಾ. ಕಿವಿ ಕೇಳದಿದ್ದರೂ ಪರವಾಗಿಲ್ಲ, ಮೇಲಿನ ಸ್ವರಕ್ಕೆ ಇನ್ನೊಬ್ಬರು ಬೇಕು. ನಿನ್ನಣ್ಣನ ಅವಸರ ನಿನಗೆ ಗೊತ್ತೇ ಇದೆ. ಮೊಮ್ಮಕ್ಕಳಿಗೆ ನನ್ನ ಮುತ್ತು. ಕರ್ತನು ನಿನ್ನ ಬಾಗಿಲು ಕಾಯಲಿ, ನಿನ್ನ ನಿದ್ದೆ ಕಾಯಲಿ, ನಿನಗೆ ಆ ದಿನದ್ದನ್ನು ಆ ದಿನ ಕೊಡಲಿ.

ಒಂದು ದಿನವೂ ಹಾಗೆ ಕರೆಸಿಕೊಳ್ಳದ,
ನಿನ್ನ ಅತ್ತಿಗೆ

ತಾ.ಕ. — ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ.

ನಿನ್ನಣ್ಣನಿಗೆ ಎರಡನೇ ಮಾತು ಬಂದಿದೆ. ಮಂಗಳವಾರ ಬೆಳಿಗ್ಗೆ ನಾನು ಹಿಂದುಗಡೆ ಬಟ್ಟೆ ಒಣಹಾಕುತ್ತಿದ್ದೆ, ಒಳಗಿನಿಂದ ನಿನ್ನ ಹೆಸರು ಕೂಗಿದರು. ಸ್ಪಷ್ಟವಾಗಿ. ನೀನು ಹೇಳದೆ ಕೇಳದೆ ಬಂದುಬಿಟ್ಟೆಯಾ ಅಂತ ನಾನು ಮುಂಬಾಗಿಲಿಗೇ ಓಡಿದೆ. ಯಾರೂ ಇರಲಿಲ್ಲ. ತಿರುಗಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಕೈ ಚಾಚಿ ಮತ್ತೆ ನಿನ್ನ ಹೆಸರು ಹೇಳಿದರು. ಕರೆದದ್ದು ನನ್ನನ್ನು.

ಎಲ್ಲಕ್ಕಿಂತ ಹಳೆಯ ಹೆಸರು ಮೊದಲು ಬರುತ್ತದಂತೆ. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವರು, ಆ ಹೆಸರೇ ಬರಬೇಕು, ನ್ಯಾಯವೇ. ನಾನು ಯಾರು ಅಂತ ಅವರಿಗೆ ಗೊತ್ತಿದೆ, ಕಣ್ಣಲ್ಲಿ ಕಾಣುತ್ತದೆ. ಹೆಸರು ಮಾತ್ರ ನನ್ನದಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಎದ್ದವಳಿಗೆ ಹೊಟ್ಟೆ ಉರಿಯಿತು ಕಣೇ. ಅದೂ ನಿನ್ನ ಮೇಲೆ. ಕ್ಷಮಿಸು.

ನನ್ನ ಹೆಸರು ಅವರ ಬಾಯಿಗೆ ತಾ ಅಂತ ನಾನು ದೇವರನ್ನು ಕೇಳಿಲ್ಲ. ಕೇಳಿದರೆ ಅದಕ್ಕೇ ಕಾಯುತ್ತಾ ಕೂತುಬಿಡುತ್ತೇನೆ. ಇವತ್ತು ಅವರು ನಿನ್ನ ಹೆಸರು ಹಿಡಿದು ಕರೆದಾಗ ನಗುಮುಖದಲ್ಲೇ "ಬಂದೆ" ಅನ್ನುವ ಮನಸ್ಸು ಕೊಡು ಅಂತ ಕೇಳಿದೆ. ಕೊಟ್ಟ. ನಾಳೆಗೆ ಮತ್ತೆ ಕೇಳಬೇಕು.