ಇಬ್ಬರಿಗೂ ಎಲೆ ಹಾಕುವುದಾದರೆ

ಬಾಗೂರು
ಈಶ್ವರ ಸಂವತ್ಸರದ ಕಾರ್ತಿಕ ಬಹುಳ ತದಿಗೆ, ಭಾನುವಾರ
ತಾ. ೨೧-೧೧-೧೯೩೭

ಶ್ರೀ ಗುರುಬಸವಲಿಂಗಾಯ ನಮಃ

ಚಿ|| ಸೌ|| ಗಂಗಾಂಬಿಕೆಗೆ ನಿನ್ನ ಅವ್ವ ಶಿವಗಂಗಮ್ಮನ ಆಶೀರ್ವಾದ.

ನಿನ್ನ ಕಾಗದ ದೀಪಾವಳಿಗೆ ಮುಂಚೆಯೇ ಕೈಸೇರಿತು. ಅವ್ವ ಸುಮ್ಮನೆ ಕೂತಳಲ್ಲ ಎಂದು ಮುನಿಯಬೇಡ ಕಂದ. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮೊದಲ ಸಾಲು ಬರೆದ ಮೇಲೆ ಅದು ನಿಜವೋ ಸುಳ್ಳೋ ನನಗೇ ತಿಳಿಯದೆ ಹಾಳೆಯನ್ನು ಒಲೆಗೆ ಹಾಕಿದೆ. ಈ ಸಲ ಆ ಸಾಲನ್ನೇ ಬಿಟ್ಟು ಬರೆಯುತ್ತಿದ್ದೇನೆ.

ನಿನಗೆ ಎಂಟು ತಿಂಗಳು ತುಂಬುತ್ತಾ ಬಂತು. ಭಾರ ಎತ್ತಬೇಡ. ಕಾಲು ಊದಿಕೊಂಡಿದೆ ಎಂದಿದ್ದೀಯಲ್ಲ, ಬಿಸಿನೀರಿಗೆ ಕಲ್ಲುಪ್ಪು ಹಾಕಿ ಸಂಜೆ ಹೊತ್ತು ಕಾಲಿಟ್ಟುಕೊ. ನಾಚಿಕೆ ಬಿಟ್ಟು ನಿನ್ನ ಅತ್ತೆಗೆ ಹೇಳು, ಅವರು ಒಳ್ಳೆಯವರು. ನಮ್ಮ ಕರಿ ಹಸು ಈದು ಹೆಣ್ಣು ಕರು ಹಾಕಿದೆ. ರಾಗಿ ಕೊಯ್ಲು ಶುರುವಾಗಿದೆ. ಇಷ್ಟೇ ಇಲ್ಲಿಯ ನೆಟ್ಟನೆಯ ಸಮಾಚಾರ. ಮಿಕ್ಕದ್ದೆಲ್ಲ ಸೊಟ್ಟ.

ನೀನು ಕೇಳಿದ್ದು ಒಂದೇ ಮಾತು. ಮಗು ಹುಟ್ಟಿದ ಮೇಲೆ ಲಿಂಗ ಕಟ್ಟುವುದಕ್ಕೆ ಅಪ್ಪಾಜಿಯನ್ನೇ ಕರೆಸೋಣ ಎಂದು ನಿನ್ನ ಮಾವ ಪರಮಶಿವಯ್ಯನವರು ಹೇಳುತ್ತಿದ್ದಾರೆ. ‘ಅಪ್ಪಾಜಿ ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾರಾ? ಹೌದು ಅಂದರೆ ಕರೆಸುತ್ತೇನೆ, ಇಲ್ಲ ಅಂದರೆ ಬೇಡ. ಊರವರ ಮಾತು ನನಗೆ ಬೇಕಾಗಿಲ್ಲ, ನೀನು ಏನು ಬರೆಯುತ್ತೀಯೋ ಅದನ್ನೇ ನಂಬುತ್ತೇನೆ’ ಎಂದಿದ್ದೀಯ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು. ಕೂಲಿಮಠದಲ್ಲಿ ನಾಲ್ಕು ವರ್ಷ ಮರಳ ಮೇಲೆ ಅಕ್ಷರ ತೀಡಿದವಳು ನಾನು, ಎರಡನ್ನೂ ಬರೆಯಲು ಬರುತ್ತದೆ. ಯಾವುದನ್ನು ಬರೆಯಬೇಕು ಎನ್ನುವುದು ಮಾತ್ರ ತಿಳಿಯದಾಗಿದೆ. ಅದಕ್ಕೇ ನಡೆದದ್ದನ್ನೆಲ್ಲ ಬರೆದುಬಿಡುತ್ತೇನೆ. ನಿನಗಾದರೂ ತಿಳಿಯಲಿ.

ಆಷಾಢದಲ್ಲಿ ಚನ್ನಬಸವಯ್ಯನವರ ಮನೆಗೆ ನಿಮ್ಮ ಅಪ್ಪಾಜಿ ಪಾದಪೂಜೆಗೆ ಹೋಗಿದ್ದರು. ಆ ಮನೆ ನಿನಗೆ ಗೊತ್ತಲ್ಲ, ಅಜ್ಜನ ಕಾಲದಿಂದ ನಮ್ಮ ಅಯ್ಯನವರ ಮನೆತನಕ್ಕೆ ಭಕ್ತರು. ಹೋಗುವ ದಾರಿಯಲ್ಲೇ ಈಚಲುವನದ ಹೆಂಡದಂಗಡಿಗೆ ನುಗ್ಗಿದ್ದಾರೆ. ಮಣೆಯ ಮೇಲೆ ಕೂರಿಸಿ ಪಾದಕ್ಕೆ ನೀರು ಬಿಡುವಾಗ ತೂರಾಡಿ ಪೂಜೆಯ ತಟ್ಟೆಯ ಮೇಲೆಯೇ ಬಿದ್ದರಂತೆ. ಆ ಮನೆಯವರು ಮೂಗಿಗೆ ಬಡಿದ ವಾಸನೆ ಬಡಿಯಲೇ ಇಲ್ಲವೆನ್ನುವ ಹಾಗೆ ಎತ್ತಿ ಕೂರಿಸಿ, ಭಸ್ಮ ಒರೆಸಿ, ಆ ಪಾದದ ನೀರನ್ನೇ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರಂತೆ. ಚನ್ನಬಸವಯ್ಯನವರು, ‘ಅಯ್ನೋರು ಬಿದ್ರೂ ಅಯ್ನೋರೇ ಕಣ್ರಪ್ಪಾ’ ಅಂದರಂತೆ. ಆ ಮಾತು ಇವರಿಗೆ ನಾಟಿತು. ಬೈದಿದ್ದರೆ ಇನ್ನೊಂದಿಷ್ಟು ಕುಡಿದು ಮರೆಯುತ್ತಿದ್ದರೋ ಏನೋ. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವರು ಅಂಗಡಿಯ ಕಡೆಗೆ ಹೋಗಲಿಲ್ಲ.

ಹೋಗದಿದ್ದರೆ ಸರಿಯಾಗುತ್ತದೆ ಎಂದುಕೊಂಡಿದ್ದೆ, ದಡ್ಡಿ. ಮಾರನೆಯ ದಿನದಿಂದ ಮೈಯೆಲ್ಲ ಗಡಗಡ ನಡುಕ, ಬೆವರು. ಹಾಸಿಗೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಒರೆಸುತ್ತಾರೆ, ಒಂದು ಇರುವೆಯೂ ಇಲ್ಲ. ಯಾವುದೋ ಗಾಳಿ ಮೆಟ್ಟಿತು ಎಂದು ನಾನು ವಿಭೂತಿ ಹಿಡಿದುಕೊಂಡು ಅಳುತ್ತಾ ನಿಂತಿದ್ದೆ. ಆಗ ಅಂಗಳದಲ್ಲಿ ಯಾರೋ ಕೆಮ್ಮಿದರು. ಕೆರೆಯ ನೀರುಗಂಟಿ, ಕೇರಿಯ ಚಿಕ್ಕಯ್ಯ. ಅವನೂ ಒಂದು ಕಾಲಕ್ಕೆ ಅದೇ ಅಂಗಡಿಯ ಗಿರಾಕಿ. ಹೆಂಡತಿ ಮುದ್ದಮ್ಮ ತವರಿಗೆ ಹೋಗಿ ಕೂತ ಮೇಲೆ ಕುಡಿತ ಬಿಟ್ಟಿದ್ದ.

‘ಗಾಳಿ ಅಲ್ಲ ಕಣವ್ವಾ, ಹೆಂಡ ಬುಡೋವಾಗ ಇಂಗೇಯಾ’ ಅಂದ. ‘ನಂಗೂ ಇರುವೆ ಕಂಡಿದ್ವು. ನಂದು ಕೆಂಜುಗ. ಅಯ್ನೋರಿಗೆ ಯಾವ್ದು ಬಂದೈತೆ ಕೇಳವ್ವಾ.’

ನನಗೆ ಸಿಟ್ಟು ಬಂತು. ಒಳಗಿನಿಂದ ನಿಮ್ಮ ಅಪ್ಪಾಜಿ ನಡುಗುವ ದನಿಯಲ್ಲಿ, ‘ಕಪ್ಪಿರುವೆ ಕಣ್ಲಾ ಚಿಕ್ಕ’ ಅಂದರು.

‘ಅಂಗಾರೆ ಬುದ್ಧಿ, ಕಚ್ಚಾಕಿಲ್ಲ ಬುಡಿ’ ಅಂದ ಅವನು.

ಅಷ್ಟು ದಿನದಲ್ಲಿ ಅವರು ಆಡಿದ ಮೊದಲ ಮಾತು ಅದು, ಗಂಗಾ. ನನ್ನ ಹತ್ತಿರ ಆಡಿರಲಿಲ್ಲ. ನಡುಕ ನಿಲ್ಲುವವರೆಗೂ ಚಿಕ್ಕಯ್ಯ ಅಂಗಳ ಬಿಟ್ಟು ಹೋಗಲಿಲ್ಲ. ತೂಬು ನೋಡಲು ಮಾತ್ರ ಕೆರೆಗೆ ಓಡಿ, ಮತ್ತೆ ಬಂದು ಕಿಟಕಿಯ ಕೆಳಗೆ ಕೂರುತ್ತಿದ್ದ. ಗಂಜಿಯನ್ನಾದರೂ ಸರಿ ಕುಡಿಸವ್ವ ಎಂದು ಕಾಡಿ ನನ್ನ ಕೈಯಿಂದ ಕುಡಿಸಿದ.

ಆಮೇಲೆ ಸಂಜೆಗಳು. ಅಂಗಡಿಗೆ ಹೋಗುತ್ತಿದ್ದ ಹೊತ್ತಿಗೆ ನಿಮ್ಮ ಅಪ್ಪಾಜಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ, ನನ್ನ ಮೇಲೆ ರೇಗುತ್ತಾರೆ. ಆ ಹೊತ್ತಿಗೆ ಸರಿಯಾಗಿ ಚಿಕ್ಕಯ್ಯ ಬಂದು ಅಂಗಳದಲ್ಲಿ ಕೂರುತ್ತಾನೆ, ಇವರು ಜಗಲಿಯ ಮೇಲೆ. ದೇವರ ಮಾತೂ ಇಲ್ಲ, ಬುದ್ಧಿಮಾತೂ ಇಲ್ಲ. ಕೆರೆಯಲ್ಲಿ ನೀರೆಷ್ಟು, ಯಾರ ಗದ್ದೆಗೆ ಯಾರು ಕದ್ದು ನೀರು ತಿರುಗಿಸಿದರು, ಬರೀ ಇಂಥದ್ದೇ. ನಾನು ಬೆಲ್ಲದ ಕಾಫಿ ಕಾಯಿಸಿ ಕೊಡುತ್ತೇನೆ. ಇವರಿಗೆ ಲೋಟದಲ್ಲಿ, ಅವನಿಗೆ ತೆಂಗಿನ ಚಿಪ್ಪಿನಲ್ಲಿ. ಒಂದು ದಿನ ಇವರು, ‘ನನಗೂ ಚಿಪ್ಪಿನಲ್ಲೇ ಕೊಡೇ, ಅಂಗಡೀಲಿ ಇಬ್ಬರೂ ಒಂದೇ ಮಡಕೇಲಿ ಕುಡೀತಿದ್ವು’ ಅಂದರು. ಕುಲ ನೋಡಬಾರದು ಎಂದು ದಿನಾ ಪೂಜೆಯಲ್ಲಿ ಹೇಳಿಕೊಳ್ಳುವವರು ನಾವು. ಬಾಯಲ್ಲಿ ಇಲ್ಲದ ಕುಲ ಜಗಲಿಯಲ್ಲಿ ಇದೆ. ಇಬ್ಬರಿಗೂ ಚಿಪ್ಪು ಕೊಡಬೇಕೋ ಇಬ್ಬರಿಗೂ ಲೋಟ ಕೊಡಬೇಕೋ ತೋಚದೆ, ಆವತ್ತು ಕಾಫಿ ಆರಿಹೋಗುವವರೆಗೂ ಒಳಗೇ ನಿಂತುಬಿಟ್ಟೆ.

ಇನ್ನೊಂದು ಗೊಂದಲ ಕೇಳು. ಕುಡಿಯುತ್ತಿದ್ದಾಗ ಪಾದಪೂಜೆಗೆ ತಪ್ಪದೆ ಹೋಗುತ್ತಿದ್ದವರು, ಬಿಟ್ಟ ಮೇಲೆ ಹೋಗುವುದಿಲ್ಲ ಎನ್ನುತ್ತಾರೆ. ‘ಈ ಪಾದ ಎಲ್ಲೆಲ್ಲಿ ತುಳಿದಿದೆ ಅಂತ ಆಗ ಗೊತ್ತಾಗ್ತಿರಲಿಲ್ಲ, ಈಗ ಗೊತ್ತಾಗುತ್ತೆ’ ಎನ್ನುತ್ತಾರೆ. ಭಕ್ತರು ಬಂದು ಕರೆದು ಹಾಗೇ ಹಿಂದಿರುಗುತ್ತಾರೆ. ನಾನು ಬೇಡಿಕೊಂಡದ್ದು ಕುಡಿತ ಬಿಡಲಿ ಎಂದು. ಬಿಟ್ಟ ಮೇಲೆ ಇವರು ಯಾರು ಎಂದು ಒಮ್ಮೊಮ್ಮೆ ನನಗೇ ಗುರುತು ಸಿಗುವುದಿಲ್ಲ.

ಇಷ್ಟೇ ಆಗಿದ್ದರೆ ಬಿಟ್ಟಿದ್ದಾರೆ ಎಂದೇ ನಿನಗೆ ಬರೆದುಬಿಡುತ್ತಿದ್ದೆ. ಹೋದ ಸೋಮವಾರ ಆದದ್ದೇ ನನ್ನ ಕೈ ಕಟ್ಟಿಹಾಕಿದೆ.

ಅವತ್ತು ಸಂಜೆ ಚಿಕ್ಕಯ್ಯ ಬರಲಿಲ್ಲ. ನಾನು ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ನಿಮ್ಮ ಅಪ್ಪಾಜಿ ಬೀದಿ ನೋಡಿದರು, ಕೂತರು, ಮತ್ತೆ ನೋಡಿದರು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ದಾಕ್ಷಾಯಣಮ್ಮ ಓಡಿ ಬಂದಳು. ‘ಅಯ್ಯೋ ಶಿವಗಂಗಕ್ಕಾ, ನಿಮ್ಮೋರು ಈಚಲುವನದ ದಾರಿ ಹಿಡುದ್ರು ಕಣಕ್ಕಾ! ನಾನು ಆವತ್ತೇ ಏಳ್ನಿಲ್ವಾ, ನಾಯಿ ಬಾಲ ಅಂತ?’

ನಾನು ಬತ್ತಿ ಹೊಸೆಯುತ್ತಲೇ ಇದ್ದೆ. ಎಷ್ಟು ಹೊಸೆದೆನೋ, ಮುಂದಿನ ಕಾರ್ತಿಕಕ್ಕೂ ಆಗುವಷ್ಟು ಬಿದ್ದಿವೆ.

ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಗಲಾಟೆ. ನೋಡಿದರೆ ಇವರ ಹೆಗಲ ಮೇಲೆ ಚಿಕ್ಕಯ್ಯ. ಕಾಲು ಎಳೆಯುತ್ತಾ, ಅಳುತ್ತಾ, ‘ಮುದ್ದಿ ಬರಾಕಿಲ್ಲ ಅಂತ ಏಳ್ಕಳಿಸವ್ಳೆ ಬುದ್ಧಿ’ ಅನ್ನುತ್ತಿದ್ದಾನೆ. ಹಿಂದೆ ಊರಿನ ಪಡ್ಡೆಗಳು: ‘ಅಯ್ನೋರ ಅಡ್ಡಪಲ್ಲಕ್ಕಿ ಬತ್ತಾ ಐತೆ, ದಾರಿ ಬುಡ್ರಲಾ!’ ಇವರು ಯಾರ ಮುಖವನ್ನೂ ನೋಡದೆ ಬಂದು ಅವನನ್ನು ನಮ್ಮ ಜಗಲಿಯ ಮೇಲೆ ಮಲಗಿಸಿ, ತಮ್ಮ ಟವೆಲನ್ನೇ ತಲೆಗೆ ಕೊಟ್ಟರು.

‘ಜಗಲಿಯ ಮೇಲಾ?’ ಅಂದೆ.

‘ನಾನು ಬಿದ್ದಿದ್ದಾಗ ಅವನು ಅಂಗಳದಲ್ಲಿ ಬಿದ್ದಿದ್ದ. ಒಂದು ಮೆಟ್ಟಿಲು ಮೇಲೆ ತಂದೆ, ಅಷ್ಟೇ ಕಣೆ.’

ಹತ್ತಿರ ಹೋದೆ. ಹೆಂಡದ ವಾಸನೆ ಗಪ್ಪೆಂದು ಹೊಡೆಯಿತು. ಚಿಕ್ಕಯ್ಯನದು ಸರಿ. ಆದರೆ ಇವರ ಅಂಗಿಯಲ್ಲೂ ಇತ್ತು, ಮುಖದ ಹತ್ತಿರವೂ ಇತ್ತು. ಹೊತ್ತುಕೊಂಡು ಬಂದದ್ದರಿಂದ ಹತ್ತಿದ್ದೋ, ಒಳಗಿನಿಂದ ಬಂದದ್ದೋ? ಮೂವತ್ತೈದು ವರ್ಷ ಸಂಸಾರ ಮಾಡಿದ ಮೂಗಿಗೆ ಗೊತ್ತಾಗಲಿಲ್ಲ.

‘ಕುಡಿದಿರಾ?’ ಎಂದೆ.

‘ಇಲ್ಲ.’

‘ಲಿಂಗ ಮುಟ್ಟಿ ಹೇಳಿ.’

ಅವರು ನನ್ನನ್ನೇ ನೋಡಿದರು. ‘ಆಣೆ ಕೇಳಬೇಡ. ಇಷ್ಟು ವರ್ಷ ಹಾಕಿದ ಆಣೆಗಳನ್ನೆಲ್ಲ ಒಂದೊಂದಾಗಿ ಕುಡಿದುಬಿಟ್ಟಿದ್ದೀನಿ. ಇನ್ನು ಉಳಿದಿರೋದು ಬರೀ ಮಾತು. ಬೇಕಾದ್ರೆ ತಗೋ.’

ತೆಗೆದುಕೊಂಡೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ ಮಗಳೇ. ಒಂದು ಗಳಿಗೆ ನಂಬುತ್ತೇನೆ, ಇನ್ನೊಂದು ಗಳಿಗೆ ಅವರು ಬಚ್ಚಲಿಗೆ ಹೋದಾಗ ಅಂಗಿ ಮೂಸುತ್ತೇನೆ. ಪೂಜೆಗೆ ಕೂತು ಅಂಗೈಯ ಲಿಂಗವನ್ನೇ ಕೇಳಿದೆ. ಅದು ಎಂದಿನ ಹಾಗೆ ತಣ್ಣಗೆ ಕೂತಿತ್ತು.

ಮಾರನೆಯ ದಿನ ಚನ್ನಬಸವಯ್ಯನವರು ಬಂದು ಬಾಗಿಲಲ್ಲೇ ನಿಂತರು. ‘ಅಯ್ನೋರು ಕುಡಿದು ಬಿದ್ದಾಗ ನಾವು ಎತ್ತಿದ್ವಿ, ಅದು ನಮ್ಮ ಭಕ್ತಿ. ಆದ್ರೆ ಹೆಂಡದಂಗಡಿಯಿಂದ ಕೇರಿಯೋನ್ನ ಹೊತ್ಕಂಡು ಬಂದ್ರೆ ನಾಳೆ ನಾವು ಯಾವ ಮುಖ ಇಟ್ಕಂಡು ಕರೆಯೋಣವ್ವಾ?’ ಅಂದರು. ಅವರೇನು ಕೆಟ್ಟವರಲ್ಲ, ಹೇಳುವಾಗ ಕಣ್ಣಲ್ಲಿ ನೀರಿತ್ತು. ಬಿದ್ದವನು ಅಯ್ಯ, ಎತ್ತಿದವನು ಅಯ್ಯ ಅಲ್ಲ. ಇದು ಯಾವ ಲೆಕ್ಕ, ನೀನು ನನಗಿಂತ ಓದಿದವಳು, ಬಿಡಿಸಿ ಹೇಳು.

ಚಿಕ್ಕಯ್ಯ ಒಂದೆರಡು ದಿನ ಮುಖ ತೋರಿಸಲಿಲ್ಲ. ಆಮೇಲೆ ಒಂದು ಸಂಜೆ ಬೇಲಿಯ ಆಚೆ ನಿಂತ. ನಿಮ್ಮ ಅಪ್ಪಾಜಿ ಬೈಯಲಿಲ್ಲ. ‘ಕಾಫಿ ಆರೋಗುತ್ತೆ ಬಾರ್ಲಾ’ ಅಂದರು. ಅಷ್ಟೇ. ನಾನು ಒಳಗೆ ನಿಂತು ನೋಡಿದೆ. ನನ್ನ ಉಪವಾಸ, ನನ್ನ ಹರಕೆ, ನನ್ನ ಕಣ್ಣೀರು ಮಾಡಲಾಗದ್ದನ್ನು ಆರಿದ ಕಾಫಿ ಹೇಗೆ ಮಾಡುತ್ತದೆ? ದೇವರೇ ಮಾಡಿಸುತ್ತಿದ್ದಾನೆ ಅಂದುಕೊಂಡೆ. ಹಾಗಾದರೆ ಚಿಕ್ಕಯ್ಯನನ್ನು ಸೋಮವಾರ ಅಂಗಡಿಗೆ ಕರೆದುಕೊಂಡು ಹೋದವನು ಯಾರು ಎಂದೂ ಅಂದುಕೊಂಡೆ. ಬಿಡು, ಅದು ನನ್ನ ಬುದ್ಧಿಗೆ ಮೀರಿದ್ದು.

ನಿನ್ನ ಕಾಗದವನ್ನು ಇನ್ನೊಮ್ಮೆ ಇಬ್ಬರ ಎದುರಿಗೇ ಓದಿದೆ. ನಿಮ್ಮ ಅಪ್ಪಾಜಿ, ‘ಇವತ್ತು ಕುಡಿದಿಲ್ಲ ಅಂತ ಬರಿ. ಕಾಗದ ಅರಕಲಗೂಡು ಮುಟ್ಟೋ ದಿನದ್ದು ನನಗೇ ಗೊತ್ತಿಲ್ಲ’ ಎಂದರು.

ಚಿಕ್ಕಯ್ಯ ತಲೆ ಕೆರೆದುಕೊಂಡು, ‘ಒಳೆನರಸೀಪುರದಲ್ಲಿ ಬಸ್ಸು ಬದಲಾಯಿಸ್ಬೇಕಲ್ಲವ್ವಾ, ಅಲ್ಲಿ ಕಾಯೋ ಒತ್ತು ಕೆಟ್ಟದ್ದು. ಒಬ್ರೇ ಬ್ಯಾಡ. ನಾನೂ ಬತ್ತೀನಿ. ಅಯ್ನೋರು ನನ್ನ ಕಾಯ್ಲಿ, ನಾನು ಅಯ್ನೋರ್ನ ಕಾಯ್ತೀನಿ’ ಅಂದ.

‘ಕಳ್ಳನಿಗೆ ಕಳ್ಳ ಕಾವಲು’ ಅಂದೆ ನಾನು.

‘ಊ ಕಣವ್ವಾ, ದಾರಿ ಅವನ್ಗೇ ಅಲ್ವಾ ಗೊತ್ತಿರಾದು’ ಅಂದ. ಮೂವರೂ ನಕ್ಕೆವು. ಈ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಆದ್ದರಿಂದ ನನ್ನ ಉತ್ತರ ಇದು, ಗಂಗಾ. ಹೌದು ಎಂದು ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ಇವತ್ತು ಕುಡಿದಿಲ್ಲ ಎಂದು ಅವರು ಹೇಳಿದ್ದಾರೆ, ನಾನು ಬರೆದಿದ್ದೇನೆ. ಕರೆಯುವುದಾದರೆ ಒಬ್ಬರನ್ನೇ ಕರೆಯಬೇಡ. ಒಬ್ಬರೇ ಬಂದರೆ ನಿಮ್ಮ ಊರು ಮುಟ್ಟುತ್ತಾರೆಂದು ನಾನು ಹೇಳಲಾರೆ. ನಿನ್ನ ಮಾವನವರಿಗೆ ಚಿಕ್ಕಯ್ಯ ಯಾರು, ಯಾವ ಕೇರಿಯವನು ಎಂದು ಮುಚ್ಚಿಡದೆ ಹೇಳಿ ಕೇಳು. ಇಬ್ಬರಿಗೂ ಎಲೆ ಹಾಕುವುದಾದರೆ ಒಂದು ಕಾರ್ಡು ಹಾಕು, ಕಳಿಸುತ್ತೇನೆ. ಆಗುವುದಿಲ್ಲವೆಂದರೆ ನಾನು ನೊಂದುಕೊಳ್ಳುವುದಿಲ್ಲ. ನಾನೇ ಇನ್ನೂ ಒಬ್ಬರಿಗೆ ಲೋಟ, ಒಬ್ಬರಿಗೆ ಚಿಪ್ಪು ಕೊಡುತ್ತಿರುವವಳು. ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ.

ಹೊಟ್ಟೆಯಲ್ಲಿರುವ ಕಂದನಿಗೂ ನಿನಗೂ ಶಿವನು ಆಯುಸ್ಸು ಆರೋಗ್ಯ ಕೊಡಲಿ. ಹೆರಿಗೆ ಹೂವೆತ್ತಿದಷ್ಟು ಹಗುರವಾಗಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ, ನಿನ್ನ ಅತ್ತೆ ಮಾವನವರಿಗೆ ಶರಣು ತಿಳಿಸು.

ನಿನ್ನ ಅವ್ವ,
ಶಿವಗಂಗಮ್ಮ

ವಿ.ಸೂ.: ಇದನ್ನು ಬರೆಯಬಾರದು ಎಂದುಕೊಂಡೇ ಸಹಿ ಹಾಕಿದೆ. ಆದರೂ ಹೇಳುತ್ತೇನೆ. ನಿನ್ನ ಮೊದಲ ಕೂಸು ಶಾಂತಾ ಈ ಮನೆಯಲ್ಲಿ ಹುಟ್ಟಿದಾಗ ಲಿಂಗ ಕಟ್ಟುವ ದಿನ ನಿಮ್ಮ ಅಪ್ಪಾಜಿ ಅಂಗಡಿಯಲ್ಲಿ ಬಿದ್ದಿದ್ದರು. ಬೇರೆ ಊರಿನ ಅಯ್ಯನವರನ್ನು ಕರೆತಂದು ಕಟ್ಟಿಸಿದೆವು. ಕೂಸು ಜ್ವರದಲ್ಲಿ ಹೋಯಿತು. ಜ್ವರಕ್ಕೂ ಇವರಿಗೂ ಏನೂ ಸಂಬಂಧವಿಲ್ಲ ಎಂದು ನೀನೂ ಹೇಳಿದೆ, ನಾನೂ ಹೇಳಿದೆ. ಹೇಳಿದ ಮೇಲೆ ನೀನು ಈ ಮನೆಗೆ ಕಾಲಿಡಲಿಲ್ಲ. ನಿನ್ನ ಕಾಗದ ಬಂದಾಗಿನಿಂದ ನಿಮ್ಮ ಅಪ್ಪಾಜಿ ಒರಳಿನ ಗುಂಡುಕಲ್ಲನ್ನು ತೊಳೆದು, ನನ್ನ ಹಳೆಯ ಸೀರೆಯ ತುಂಡಿನಲ್ಲಿ ಕೂಸಿನ ಹಾಗೆ ಸುತ್ತಿಟ್ಟುಕೊಂಡಿದ್ದಾರೆ. ಬೆಳಗ್ಗೆ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗದ ಶಿವದಾರ ಕಟ್ಟುವುದನ್ನು ರೂಢಿ ಮಾಡುತ್ತಾರೆ. ಕೈ ಇನ್ನೂ ನಡುಗುತ್ತದೆ. ಗಂಟು ಜಾರುತ್ತದೆ. ಬಿಚ್ಚಿ ಮತ್ತೆ ಕಟ್ಟುತ್ತಾರೆ. ನಾನು ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡು, ‘ತಡವಾಯ್ತು ಕಣವ್ವಾ ಶಾಂತಾ, ತಡವಾಯ್ತು’ ಅನ್ನುತ್ತಾರೆ. ನಾನು ಆ ಬಟ್ಟೆ ಬಿಚ್ಚಲಿಲ್ಲ. ಚಟ್ನಿ ಅರೆಯುವುದಕ್ಕೆ ದಾಕ್ಷಾಯಣಮ್ಮನ ಮನೆಗೆ ಹೋಗುತ್ತಿದ್ದೇನೆ.