ಸೂಜಿ ಕಾಣದ ಕುರಿ

ನನ್ನ ಅಪ್ಪನಿಗೆ,

ನಿನ್ನ ಮಾಳವ್ವ ಮಕ್ತಲದಿಂದ ಬರೆಯುತ್ತಿದ್ದೇನೆ. ಓದು ಬಾರದವನಿಗೆ ಕಾಗದ ಬೇರೆ ಕೇಡು ಎಂದು ಅವ್ವ ನಗುತ್ತಾಳೆ. ಅಲ್ಲಿ ಓದಿ ಹೇಳುವವರು ಒಬ್ಬರಾದರೂ ಇರಲಾರರೇ?

ಇಟಿಕ್ಯಾಲದ ಕಡೆ ಕುರಿ ಮೇಯಿಸಲು ಹೋಗಿದ್ದ ವರ್ಷ ನೆನಪಿದೆಯೇ? ಒಂದು ಮರಿಯ ಮೂತಿ ಬಾತು, ನಾಲಿಗೆ ನೀಲಿಗಟ್ಟಿ, ಮೇವು ಬಿಟ್ಟಿತ್ತು. ನೀನು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿ ನೆಕ್ಕಿಸಿದೆ, ಬದುಕಿದರೆ ಬೀರಪ್ಪನಿಗೆ ಬಿಡುತ್ತೇನೆಂದು ಹರಕೆ ಹೊತ್ತೆ. ಬದುಕಿತು. ಆಮೇಲೆ ಅದರ ಉಣ್ಣೆ ಕತ್ತರಿಸಲಿಲ್ಲ, ಸಂತೆಗೆ ಒಯ್ಯಲಿಲ್ಲ, ಹಣೆಗೆ ಭಂಡಾರದ ಅರಿಸಿನ ತಪ್ಪಿಸಲಿಲ್ಲ. ನನ್ನ ತಲೆಗಿಂತ ಅದರ ತಲೆಯನ್ನೇ ಹೆಚ್ಚು ಸವರುತ್ತೀಯೆಂದು ನಾನು ಮುನಿಸಿಕೊಳ್ಳುತ್ತಿದ್ದೆ.

ನನಗೆ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಲಸಿಕೆಯ ಡಬ್ಬಿ ಹಿಡಿದು ಮಾಗನೂರಿನ ನಮ್ಮ ಹಟ್ಟಿಗೇ ಮೊದಲು ಬಂದೆ. "ಇದನ್ನ ಹಾಕಿಸಿದ್ರ ಮೂತಿ ಬಾವು ಈ ಕಡಿ ಹಾಯೂದಿಲ್ಲ" ಎಂದು ಎಲ್ಲರೆದುರು ಕೊಚ್ಚಿಕೊಂಡೆ. ಒಂದೊಂದೇ ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದು ಕೊಟ್ಟವನು ನೀನೇ. ಬೀರಪ್ಪನ ಕುರಿಯ ಸರದಿ ಬಂದಾಗ ಮಾತ್ರ ಅಡ್ಡ ನಿಂತೆ.

"ದೇವರಿಗೆ ಬಿಟ್ಟದ್ದಕ್ಕ ಸೂಜಿ ಚುಚ್ಚಬಾರದವ್ವ. ಅದನ್ನ ಅವನ ನೋಡ್ಕೋತಾನ."

ಆ ವರ್ಷದ ಮಳೆ ಮುಗಿಯುವಷ್ಟರಲ್ಲಿ ಮೂತಿ ಬಾವಿನ ಬ್ಯಾನಿ ಬಂದೇ ಬಿಟ್ಟಿತು. ಸೂಜಿ ಹಾಕಿಸಿಕೊಂಡ ಕುರಿಗಳು ಒಂದರ ಹಿಂದೆ ಒಂದು ಬಿದ್ದವು. ಬೀರಪ್ಪನದು ಮೆಲುಕು ಹಾಕುತ್ತಾ ನಿಂತಿತ್ತು. "ಏನವ್ವಾ ಡಾಕ್ಟರಮ್ಮ, ಹಾಯೂದಿಲ್ಲ ಅಂದಿದ್ದಿ?" ಎಂದು ದೊಡ್ಡಪ್ಪ ಕೇಳಿದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅಪ್ಪ ಒಂದನ್ನ ಸೂಜಿ ಹಾಕಿಸದ ಬಿಟ್ಟಾನಲ್ಲ, ಅದರ ಮೈಯಾಗ ಕುಂತು ಬಂದೈತಿ" ಅಂದುಬಿಟ್ಟೆ. ಸಣ್ಣ ನೊಣ ಕಚ್ಚಿ ಹರಡುವ ರೋಗ, ಎಲ್ಲಿಂದಲಾದರೂ ಬರಬಹುದು ಎಂದು ಬಲ್ಲವಳು ನಾನು. ಆದರೂ...

ನೀನು ಬೀರಪ್ಪನ ಗುಡಿಯಲ್ಲಿ ಹಿರಿಯರ ಮುಂದೆ ಮಂಡಿಯೂರಿ, "ತಪ್ಪು ನಂದೈತ್ರಿ" ಎಂದು ಒಪ್ಪಿಕೊಂಡೆ. ಆ ಕುರಿಯನ್ನು ಗಟ್ಟು ಊರಿನ ಅತ್ತೆಯ ಹಟ್ಟಿಗೆ ಬಿಟ್ಟು ಬಂದೆ. ಬಸ್ಸಿನಲ್ಲಿ ಬರುವಾಗ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡೇ ಕೂತಿದ್ದೆಯಂತೆ.

ಬಿದ್ದ ಕುರಿಗಳ ರಕ್ತವನ್ನು ನಾನು ಪರೀಕ್ಷೆಗೆ ಕಳಿಸಿದ್ದೆನಲ್ಲ, ಅದರ ವರದಿ ನೀನು ಕಣ್ಣು ಮುಚ್ಚಿದ ಮೇಲೆ ಬಂತು. ಈ ರೋಗದ ವೈರಸ್ಸಿನಲ್ಲಿ ಹಲವು ಜಾತಿಗಳಿವೆ ಅಪ್ಪಾ. ತಾಯಿ ಕುರಿ ತನ್ನ ಮರಿಯನ್ನಷ್ಟೇ ಗುರುತು ಹಿಡಿಯುವಂತೆ, ಮೈಯೂ ತಾನು ಕಂಡ ಜಾತಿಯನ್ನಷ್ಟೇ ಗುರುತು ಹಿಡಿಯುತ್ತದೆ. ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆದೀತೆಂಬ ಖಾತ್ರಿಯಿಲ್ಲ. ನಮ್ಮ ಹಟ್ಟಿಗೆ ಬಂದದ್ದು ನನ್ನ ಡಬ್ಬಿಯಲ್ಲಿಲ್ಲದ ಜಾತಿ. ನಿನ್ನ ಕುರಿ ಮರಿಯಾಗಿದ್ದಾಗಲೇ ಅದೇ ಜಾತಿಯನ್ನು ಗೆದ್ದಿರಬೇಕು, ಅದಕ್ಕೇ ಉಳಿಯಿತು ಅಂತ ನನ್ನ ಅಂದಾಜು. ಅದರಲ್ಲಿ ಬೀರಪ್ಪನ ಪಾಲೆಷ್ಟು ಎಂಬುದನ್ನು ನೀನೇ ಅವನನ್ನು ಕೇಳು.

ಮೊನ್ನೆ ನಾನು ಅದೇ ಗುಡಿಯಲ್ಲಿ, ಅದೇ ಹಿರಿಯರ ಮುಂದೆ ನಿಂತೆ. "ಅಪ್ಪಂದು ತಪ್ಪಿಲ್ರಿ. ಸಿಟ್ಟಿನಾಗ ಸುಳ್ಳು ಹೇಳಿದಾಕಿ ನಾನು" ಎಂದೆ. ದೊಡ್ಡಪ್ಪ ರುಮಾಲು ಸರಿಮಾಡಿಕೊಳ್ಳುತ್ತಾ, "ಇದನ್ನ ಅವ ಇದ್ದಾಗ ಹೇಳಬೇಕಿತ್ತವ್ವ" ಎಂದ. ಈಗ ಯಾರ ಹಟ್ಟಿಗೆ ಹೋದರೂ, ಈ ಸೂಜಿ ಯಾವ ಜಾತಿಗೆ ಆಗುತ್ತದೆ, ಯಾವುದಕ್ಕೆ ಆಗದು ಎಂದು ಬಿಡಿಸಿ ಹೇಳಿಯೇ ಹಾಕುತ್ತೇನೆ.

ರಾಯಚೂರಿನ ಆಸ್ಪತ್ರೆಯಲ್ಲಿ ಕಡೆಯ ಸಲ ನೀನು ನನ್ನ ಕೈ ಹಿಡಿದು ಕೇಳಿದ್ದೆ: "ಖರೇ ಹೇಳವ್ವ, ನನ್ನ ಕುರಿಯಿಂದನ ಹೋದವೇನು ಅವೆಲ್ಲ?" ವರದಿ ಬಂದಿಲ್ಲವೆಂಬ ನೆಪ ಇತ್ತು ನನಗೆ. ಸಲೈನ್ ಬಾಟಲಿ ನೋಡುತ್ತಾ ಸುಮ್ಮನೆ ಕೂತೆ.

ಇಲ್ಲಪ್ಪಾ. ಅದರಿಂದ ಒಂದೂ ಹೋಗಲಿಲ್ಲ.