ಇಡೀ ಮುಖ ತಿರುಗಿಸಿ

ಗುರುವಾರ, ಮಧ್ಯಾಹ್ನ

ಬುಗುರಿಯ ಅಪ್ಪನಿಗೆ,

ಎದುರಿಗಿದ್ದಾಗ 'ರೀ' ಎಂದರೆ ಸಾಕಾಗುತ್ತಿತ್ತು. ಕಾಗದದ ಮೇಲೆ 'ರೀ' ಎಂದು ಬರೆದು ನೋಡಿದೆ, ಅಡುಗೆಮನೆಯಿಂದ ಕೂಗಿದ ಹಾಗೆ ಕಾಣಿಸಿತು, ಹೊಡೆದುಹಾಕಿದೆ. ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡುವುದು ವಾಡಿಕೆ. ಈ ಸಲ ಅದರಲ್ಲಿ ಅರ್ಧ ಮಾತ್ರ ಬರೆಯಬಲ್ಲೆ. ನೀವು ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಕಾಗದ ಬಂದು ವಾರವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನೀವು ನನಗೆ ಬರೆದ ಮೊದಲ ಕಾಗದ ಅದು. ಫೋನ್ ಮಾಡಿದರೆ ಇಬ್ಬರೂ ಮಾತಿಗೆ ಮಾತು ಬೆಳೆಸುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ ಎಂದಿದ್ದೀರಿ. ನಾನೂ ಅದಕ್ಕೇ ಬರೆಯುತ್ತಿದ್ದೇನೆ. ಮನೆ ಬಿಟ್ಟು ವರ್ಷ ಕಳೆದ ಮೇಲೆ, ಲಿಫ್ಟ್ ರಿಪೇರಿಯ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಹೋದ ತಿಂಗಳು ಬಂದು ಹೋದಿರಲ್ಲ, ಆ ಒಂದು ಗಳಿಗೆಯ ಬಗ್ಗೆ ಎರಡು ಹಾಳೆ ತುಂಬಿಸಿದ್ದೀರಿ. ನಾನು ಅಡುಗೆಮನೆಯಲ್ಲಿದ್ದಾಗ ನೀವು ಬಾಗಿಲಲ್ಲಿ ನಿಂತಿದ್ದಿರಂತೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಬುಗುರಿ ಬಹಳ ಹೊತ್ತು ನಿಮ್ಮ ಕಡೆ ನೋಡಲೇ ಇಲ್ಲವಂತೆ. ಬಿಟ್ಟುಹೋದ ಅಪ್ಪನ ಮೇಲೆ ಸಿಟ್ಟಿರಬೇಕು ಎಂದುಕೊಂಡಿರಂತೆ. ಆಮೇಲೆ ಹತ್ತಿರ ಬಂದು ಕೆಮ್ಮಿದಾಗ ಇಡೀ ಮುಖ ತಿರುಗಿಸಿ ನಿಮ್ಮನ್ನೇ ನೋಡಿದಳಂತೆ. 'ಒಂಬತ್ತು ವರ್ಷದಲ್ಲಿ ಅವಳು ನನ್ನನ್ನ ಹಾಗೆ ನೋಡಿದ್ದೇ ಇಲ್ಲ ಕಣೇ, ಗುರುತು ಹಿಡಿದ್ಲು, ಕ್ಷಮಿಸಿಬಿಟ್ಲು' ಎಂದು ಮಾತಾಡಿದ ಹಾಗೆಯೇ ಬರೆದಿದ್ದೀರಿ. ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಬರುತ್ತೇನೆ ಎಂದೂ ಬರೆದಿದ್ದೀರಿ.

ಓದಿ ಅತ್ತೆ. ಖುಷಿಗೆ ಅತ್ತೆ ಎಂದುಕೊಳ್ಳಬೇಡಿ.

ಆ ನೋಟದ ಬಗ್ಗೆಯೇ ನಿಮಗೆ ಹೇಳಬೇಕಾಗಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು ಎಂದು ನೀವೇ ಎಷ್ಟೋ ಸಲ ಹಂಗಿಸಿದ್ದೀರಿ. ಇವತ್ತು ಸ್ವಲ್ಪ ಸುತ್ತುತ್ತೇನೆ, ತಾಳ್ಮೆಯಿಂದ ಓದಿ.

ನೀವು ಹೋಗುವಾಗ ಅವಳ ಸ್ಥಿತಿ ಹೇಗಿತ್ತೆಂದು ನಿಮಗೆ ಗೊತ್ತೇ ಇದೆ. ನಾಲ್ಕು ಬಗೆಯ ಔಷಧಿ ಕೊಟ್ಟರೂ ಜಗ್ಗದ ಫಿಟ್ಸ್. ನಿಂತ ನಿಂತಲ್ಲೇ ಕುಸಿಯುವುದು, ಹಣೆ ಒಡೆದುಕೊಳ್ಳುವುದು, ಹೊಲಿಗೆ ಬಿಚ್ಚುವ ಮೊದಲೇ ಇನ್ನೊಂದು ಹೊಲಿಗೆ. ಮನೆಯೊಳಗೂ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದಳು. ನಡೆಯಲು ಕಲಿತ ಹೊಸದರಲ್ಲಿ ಗರಗರ ತಿರುಗುತ್ತಿದ್ದಳೆಂದು ನೀವೇ ಇಟ್ಟ ಹೆಸರು ಬುಗುರಿ. ಆ ಹೆಸರು ಕೂಗಲು ನಿಮಗೇ ಬಾಯಿ ಬರದಂತಾಗಿತ್ತು. ಹೊರಡುವ ದಿನ ನೀವು ಆಡಿದ ಮಾತನ್ನು ನಾನು ಮರೆತಿಲ್ಲ. ಅವಳಿಗೆ ನಾನಿದ್ರೂ ಒಂದೇ, ಈ ಕಂಬ ಇದ್ರೂ ಒಂದೇ ಎಂದಿರಿ. ಸಿಕ್ಕಿಹಾಕಿಕೊಂಡವರನ್ನು ಲಿಫ್ಟಿನಿಂದ ಹೊರಗೆಳೆಯುವ ಮನುಷ್ಯ ನಮ್ಮಿಬ್ಬರನ್ನು ಒಳಗೇ ಬಿಟ್ಟು ಮೆಟ್ಟಿಲಿಳಿದು ಹೋದರಲ್ಲ ಎಂದು ಆಗ ತುಂಬಾ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ. ಅದಿರಲಿ.

ನೀವು ಹೋದ ಮೇಲೆ ಡಾಕ್ಟರಮ್ಮ ಹೊಸ ಔಷಧಿ ಶುರುಮಾಡಿದರು. ಪೊಟ್ಟಣದಲ್ಲಿ ಬರುವ ಬಿಳಿ ಪುಡಿ. ತಣ್ಣೀರನ್ನು ಅಳೆದು ಹಾಕಿ ಪೂರ್ತಿ ಕರಗಿಸಬೇಕು, ಅವರು ಹೇಳಿದಷ್ಟನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಕುಡಿಸಬೇಕು, ಲೋಟದಲ್ಲಿ ಉಳಿದದ್ದನ್ನು ಚೆಲ್ಲಬೇಕು. ಪ್ರತಿ ಸಲವೂ ಹೊಸದಾಗಿ ಕಲಸಬೇಕು. ಮೊದಮೊದಲು ಚೆಲ್ಲಲು ಮನಸ್ಸೇ ಬರುತ್ತಿರಲಿಲ್ಲ. ನಾನು ಕಲಸುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಒಮ್ಮೆ ಬಂದು, ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ ಎಂದರು. ಹಾಲು ಕುಡಿಸಿಯೂ ನೋಡಾಗಿದೆ ಅಜ್ಜಿ ಎಂದೆ.

ಅಜ್ಜಿಯ ಮಾತು ಸುಳ್ಳಾಗಿರಲಿಲ್ಲ. ಡಾಕ್ಟರಮ್ಮನೂ ಮೊದಲ ದಿನವೇ ಎಚ್ಚರಿಸಿದ್ದರು. ಈ ಔಷಧಿ ಕೆಲವರಲ್ಲಿ ಕಣ್ಣಿನ ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ, ಹಾಗೆ ಹೋದದ್ದು ಮರಳುವುದಿಲ್ಲ, ಮೂರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಲೇಬೇಡಿ ಎಂದಿದ್ದರು. ಅತ್ತ ದರಿ, ಇತ್ತ ಪುಲಿ. ತಲೆ ಒಡೆದುಕೊಳ್ಳುವ ಮಗುವನ್ನು ಕಣ್ಣೆದುರಿಗೆ ಇಟ್ಟುಕೊಂಡು ನಾನು ಹೂಂ ಅಂದೆ. ಪರೀಕ್ಷೆ ಒಂದನ್ನೂ ತಪ್ಪಿಸಲಿಲ್ಲ. ಮೊದಲ ಎರಡು ಸಲ ಏನೂ ಇಲ್ಲ ಎಂದರು.

ಪುಡಿ ಕೆಲಸ ಮಾಡಿತು. ಬೀಳುವುದು ಕಡಿಮೆಯಾಗುತ್ತಾ ಆಗುತ್ತಾ ನಿಂತೇ ಹೋಯಿತು. ಹೆಲ್ಮೆಟನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ, ಕಣ್ಣಿಗೆ ಬೀಳದಿರಲಿ ಎಂದು ಅದರ ಮೇಲೆ ಕೊಡೆ ತೂಗಿಸಿದೆ. ಅವಳು ನಿದ್ದೆಗಣ್ಣಿಲ್ಲದೆ ಕೂತಿರುತ್ತಿದ್ದಳು. ಮೊದಲೆಲ್ಲ ನನ್ನ ಹೊಲಿಗೆ ಯಂತ್ರದ ಚಕ್ರ ತಿರುಗಿದ ಕೂಡಲೇ ಪಕ್ಕದಿಂದ ಕೈ ಚಾಚುತ್ತಿದ್ದಳಲ್ಲ, ಅದನ್ನು ಬಿಟ್ಟಳು. ನಾನು ಬುದ್ಧಿ ಬಂತು ಎಂದುಕೊಂಡೆ. ರೆಡಿಮೇಡ್ ಅಂಗಡಿಯಿಂದ ಜಿಪ್ ಕೂರಿಸಲು ಬಂದ ಪ್ಯಾಂಟುಗಳ ರಾಶಿಯ ಮುಂದೆ ಕೂತು ನಾನೊಬ್ಬಳೇ ನಕ್ಕದ್ದುಂಟು. ಆಮೇಲಾಮೇಲೆ, ನಾನು ಹತ್ತಿರ ಬಂದರೆ ಇಡೀ ಮುಖ ತಿರುಗಿಸಿ ನೋಡತೊಡಗಿದಳು. ಹುಟ್ಟಿದಾಗಿನಿಂದ ಯಾರ ಮುಖವನ್ನೂ ನೆಟ್ಟು ನೋಡದ ಮಗು, ಹೂವು ಹೊರಳಿದ ಹಾಗೆ ನನ್ನ ಕಡೆ ಹೊರಳುತ್ತಿತ್ತು. ಬೇಕೆಂದೇ ಅತ್ತಿತ್ತ ಓಡಾಡಿ ಕರೆಯುತ್ತಿದ್ದೆ, ಮತ್ತೆ ಮತ್ತೆ ತಿರುಗಲಿ ಎಂದು. ಇಷ್ಟು ವರ್ಷದ ಚಾಕರಿಗೆ ಕೂಲಿ ಸಿಕ್ಕಿತು ಎನ್ನಿಸುತ್ತಿತ್ತು. ಬಾಗಿಲ ಚೌಕಟ್ಟಿಗೆ ಒಂದೆರಡು ಸಲ ಭುಜ ತಾಗಿಸಿಕೊಂಡಳು, ಔಷಧಿಯ ಮಂಪರು ಇರಬೇಕು ಎಂದುಕೊಂಡೆ. ನೀವು ಬಂದು ಹೋದದ್ದು ಆ ದಿನಗಳಲ್ಲಿ.

ನೀವು ಹೋದ ಮುಂದಿನ ವಾರ ಮೂರನೆಯ ಪರೀಕ್ಷೆ ಇತ್ತು. ಅವಳಿಗೆ ಹೇಳಿದ್ದು ಅರ್ಥವಾಗುವುದಿಲ್ಲ, ಕಂಡದ್ದನ್ನು ಹೇಳಲೂ ಬರುವುದಿಲ್ಲ, ಹಾಗಾಗಿ ಕಣ್ಣಿನ ಡಾಕ್ಟರು ಆಟವಾಡಿಸುತ್ತಲೇ ನೋಡುತ್ತಾರೆ. ನನ್ನನ್ನು ಎದುರಿಗೆ ಕೂರಿಸಿ ಕೆಂಪು ದಾರದ ರೀಲು ಆಡಿಸಲು ಹೇಳಿದರು. ತಾವು ಅವಳ ಹಿಂದೆ ನಿಂತು, ಕಡ್ಡಿಯ ತುದಿಗೆ ಸಿಕ್ಕಿಸಿದ ಮಿಣುಕು ಗೊಂಬೆಯನ್ನು ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದರು. ಹಿಂದಿನ ಸಲ ಅದು ಕಿವಿ ದಾಟಿದ ತಕ್ಷಣ ಅವಳ ಕಣ್ಣು ಅತ್ತ ಹೊರಳಿತ್ತು. ಈ ಸಲ ಕಿವಿ ದಾಟಿತು, ಹುಬ್ಬಿನ ತುದಿ ದಾಟಿತು, ಅವಳು ರೀಲನ್ನೇ ನೋಡುತ್ತಿದ್ದಳು. ಹೆಚ್ಚುಕಡಿಮೆ ಮೂಗಿನ ಮುಂದೆ ಬಂದಾಗ ಬೆಚ್ಚಿ, ಇಡೀ ಮುಖ ತಿರುಗಿಸಿ ಆ ಗೊಂಬೆಯನ್ನು ನೋಡಿದಳು. ನನ್ನನ್ನು ನೋಡುತ್ತಿದ್ದ ಹಾಗೆಯೇ ನೋಡಿದಳು. ನಿಮ್ಮನ್ನು ನೋಡಿದ ಹಾಗೆಯೇ. ಡಾಕ್ಟರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು.

ಆಮೇಲೆ ನಿದ್ದೆಗೆ ಮದ್ದು ಕೊಟ್ಟು ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸಿದರು. ಕೊಳವೆಯೊಳಗಿಂದ ನೋಡಿದ ಹಾಗೆ, ನೇರ ಎದುರಿಗಿರುವುದು ಮಾತ್ರ ಕಾಣುತ್ತದೆ ಎಂದರು. ಮನೆಗೆ ಬಂದು, ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದವನ್ನು ಸುರುಳಿ ಸುತ್ತಿ ಎರಡೂ ಕಣ್ಣಿಗೆ ಹಿಡಿದುಕೊಂಡು ಅವಳ ಕುರ್ಚಿಯಲ್ಲಿ ಕೂತೆ. ಯಂತ್ರ ಕಾಣಲಿಲ್ಲ. ಚಕ್ರ ಕಾಣಲಿಲ್ಲ. ಪಕ್ಕದಲ್ಲೇ ಇರುವ ಬಾಗಿಲು ಇರಲೇ ಇಲ್ಲ. ನೀವು ಅಷ್ಟು ಹೊತ್ತು ನಿಂತಿದ್ದ ಜಾಗ ಆ ಕುರ್ಚಿಯಿಂದ ನೋಡಿದರೆ ಈ ಮನೆಯಲ್ಲೇ ಇಲ್ಲ.

ಹೀಗಾಗಿ, ಅವಳಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನೀವು ಬಂದದ್ದು ಕಂಡಿರಲಿಲ್ಲ ಅಷ್ಟೆ. ಆಮೇಲೆ ನೋಡಿದ್ದು ಕ್ಷಮೆಯೂ ಅಲ್ಲ. ಎರಡು ಹಾಳೆ ತುಂಬಾ ಖುಷಿಪಟ್ಟವರ ಮೇಲೆ ತಣ್ಣೀರು ಎರಚುತ್ತಿದ್ದೇನೆ ಎಂದು ಗೊತ್ತು. ನನ್ನ ಸಂಕಟವೂ ಕಡಿಮೆಯದಲ್ಲ. ಆ ನೋಟವನ್ನು ನೀವು ಒಂದು ಗಳಿಗೆ ಇಟ್ಟುಕೊಂಡಿರಿ, ನಾನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆ. ಇನ್ನೊಂದು ಮಾತು. ಹೋದ ದೃಷ್ಟಿ ಮರಳುವುದಿಲ್ಲವಾದ್ದರಿಂದ ಅವಳು ಹೀಗೆ ಮುಖ ತಿರುಗಿಸಿ ನೋಡುವುದು ಜೀವನಪೂರ್ತಿ ಇರುತ್ತದೆ. ನಮ್ಮ ಪಾಲಿಗೆ ಉಳಿದದ್ದು ಅದೇ. ನಾನಂತೂ ಈಗಲೂ ಅವಳನ್ನು ಕರೆಯುತ್ತೇನೆ, ಅವಳು ಈಗಲೂ ತಿರುಗುತ್ತಾಳೆ, ಕಾರಣ ಗೊತ್ತಿದ್ದರೂ ಎದೆ ಒಂದು ಸಲ ತುಂಬಿ ಬರುತ್ತದೆ.

ಹೇಳದೆ ಇರಬಹುದಿತ್ತು. ಮೊದಲು ಬರಲಿ, ಬಂದ ಮೇಲೆ ನೋಡಿಕೊಳ್ಳೋಣ ಎಂದು ಅನ್ನಿಸದೆ ಇರಲಿಲ್ಲ. ಈ ವಾರವೆಲ್ಲ ಯಂತ್ರದ ಮುಂದೆ ಕೂತು ಅದನ್ನೇ ಯೋಚಿಸಿದೆ, ಒಂದು ಪ್ಯಾಂಟಿಗೆ ಜಿಪ್ಪನ್ನು ತಲೆಕೆಳಗಾಗಿ ಕೂರಿಸಿ ಅಂಗಡಿಯವರಿಂದ ಬೈಸಿಕೊಂಡೆ. ಆದರೆ ಆ ಒಂದು ನೋಟವನ್ನು ನಂಬಿ ಬಂದವರು, ಅವಳು ಮತ್ತೆ ಬಿದ್ದ ದಿನ ಪುನಃ ಚೀಲ ಹೆಗಲಿಗೇರಿಸಿದರೆ ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಒಂದು ಸಲ ತಡೆದುಕೊಂಡಿದ್ದೇನೆ, ಸಾಕು.

ಮತ್ತೆ ಬೀಳುವ ದಿನ ದೂರವಿಲ್ಲ. ಸೋಮವಾರದಿಂದ ಪುಡಿಯ ಅಳತೆ ಇಳಿಸುತ್ತಾ ಹೋಗಿ ನಿಲ್ಲಿಸಬೇಕು. ಮುಂದುವರಿಸಿದರೆ ಉಳಿದಿರುವ ನೋಟವೂ ಹೋಗಬಹುದು. ಬಿಟ್ಟರೆ ಫಿಟ್ಸ್ ಮರಳಬಹುದು. ಡಾಕ್ಟರಮ್ಮ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಇಳಿಸಿ ಎಂದೆ. ನೀವು ಬೇಡ ಎನ್ನುವುದಾದರೆ ಅದಕ್ಕೂ ಹಕ್ಕಿದೆ, ಆದರೆ ಬಂದು ಎದುರಿಗೆ ನಿಂತು ಬೇಡ ಎನ್ನಿ. ಕಣ್ಣಿನ ವಿಷಯ ಕೇಳಿದ ಆ ದಿನವೇ ಪೊಟ್ಟಣಗಳನ್ನೆಲ್ಲ ತೊಟ್ಟಿಗೆ ಎಸೆಯೋಣ ಎನ್ನಿಸಿತ್ತು ನನಗೆ. ಅದನ್ನು ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು, ಒಂದೇ ಸಲ ನಿಲ್ಸಿದ್ರೆ ಬರೋ ಫಿಟ್ಸ್ ನಿಲ್ಲೋದೇ ಇಲ್ಲಮ್ಮ, ಜೀವಕ್ಕೇ ಬರುತ್ತೆ, ಮೆಟ್ಟಿಲಿಳಿದ ಹಾಗೆ ಒಂದೊಂದೇ ಇಳಿಸಬೇಕು, ಜೊತೆಗೆ ಇನ್ನೊಂದು ಔಷಧಿ ಏರಿಸಬೇಕು ಎಂದರು. ವಾರಗಟ್ಟಲೆಯ ಕೆಲಸ. ಅಷ್ಟೂ ದಿನ ಅವಳ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ತೆರೆದಿರಬೇಕು. ಅಜ್ಜಿ ಪಾಪ, ಅವಳನ್ನು ಎತ್ತಲಾರರು.

ನೀವು ಮಾಡುವ ಎರಡು ತಪ್ಪುಗಳನ್ನು ಈಗಲೇ ಹೇಳಿಬಿಡುತ್ತೇನೆ. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕುತ್ತಿದ್ದಿರಿ, ತುರುಕಬೇಡಿ. ಕೈಕಾಲು ಅದುಮಿ ಹಿಡಿಯುತ್ತಿದ್ದಿರಿ, ಹಿಡಿಯಬೇಡಿ. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಟ್ಟು, ಗಡಿಯಾರ ನೋಡಬೇಕು. ಐದು ನಿಮಿಷವಾದರೂ ನಿಲ್ಲದಿದ್ದರೆ ಕೆನ್ನೆಯೊಳಗೆ ಹಾಕುವ ಔಷಧಿಯೊಂದಿದೆ. ಅದನ್ನು ಡಾಕ್ಟರಮ್ಮ ತೋರಿಸಿಕೊಟ್ಟ ಹಾಗೆ ಹಾಕಿ ಆಂಬುಲೆನ್ಸ್ ಕರೆಯಬೇಕು. ಅದು ಎಲ್ಲಿದೆ, ಹೇಗೆ ಹಾಕಬೇಕು ಎಂದು ಕಾಗದದಲ್ಲಿ ಬರೆದರೆ ಸಾಲದು, ಕೈಹಿಡಿದು ತೋರಿಸಬೇಕು. ತೋರಿಸುತ್ತೇನೆ, ಬಂದರೆ.

ಅವಳ ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿ ಹಾಕಿದ್ದೇನೆ, ಬಂದವರು ಕಾಣಲಿ ಎಂದು. ಕಿಟಕಿ ಹೋಯಿತು ಎಂದು ಎರಡು ದಿನ ಗೊಣಗಿದಳು. ಈಗ ಬಾಗಿಲನ್ನೇ ನೋಡುತ್ತಾ ಕೂತಿರುತ್ತಾಳೆ. ನಿಮ್ಮನ್ನು ಕಾಯುತ್ತಿದ್ದಾಳೆ ಎಂದು ನಾನು ಬರೆಯುವುದಿಲ್ಲ. ಎದುರಿಗೆ ಬಾಗಿಲಿದೆ, ನೋಡುತ್ತಾಳೆ ಅಷ್ಟೆ.

ಇತಿ,
ಬುಗುರಿಯ ಅಮ್ಮ

ತಾ.ಕ.: ಕೊಡೆ ತೆಗೆದು ಹೆಲ್ಮೆಟ್ ಇಳಿಸಿದೆ. ಚಿಕ್ಕದಾಗಿದೆ, ಹುಡುಗಿ ಬೆಳೆದಿದ್ದಾಳೆ. ಇವತ್ತೇ ಕೊರಿಯರ್‌ಗೆ ಕೊಡುವ ಈ ಕಾಗದದ ಜೊತೆ ಒಂದು ಕೆಂಪು ದಾರ ಇಟ್ಟಿದ್ದೇನೆ, ಗಂಟಿನಿಂದ ಗಂಟಿಗೆ ಅವಳ ತಲೆಯ ಸುತ್ತಳತೆ. ನೀವೀಗಿರುವ ಊರಿನಲ್ಲಿ ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಬರುವುದಾದರೆ ತಿಂಗಳ ಕೊನೆಗೆ ಕಾಯದೆ ಸೋಮವಾರದೊಳಗೆ ಕೈಯಲ್ಲಿ ತನ್ನಿ, ಇಲ್ಲವಾದರೆ ಪಾರ್ಸೆಲ್ ಮಾಡಿ. ಔಷಧಿ ಇಳಿಸುವಾಗ ಮನೆಯಲ್ಲಿ ಯಾರ್ಯಾರು ಇರುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ನಾನೂ ಅವಳ ಅಪ್ಪನೂ ಎಂದು ಹೇಳಿ ಬಂದಿದ್ದೇನೆ. ಸೋಮವಾರದವರೆಗೆ ಅದು ಸುಳ್ಳಲ್ಲ.